ಮುಲಾಮು ಎಷ್ಟು ಹಚ್ಚಬೇಕು?

ಜ್ವರದ ಮಾತ್ರೆಯ ಸ್ಟ್ರಿಪ್ಪಿನ ಮೇಲೆ ಎಷ್ಟು ಮಿಲಿಗ್ರಾಂ ಎಂದು ಅಚ್ಚಾಗಿರುತ್ತದೆ. ಮಗುವಿನ ಸಿರಪ್ಪಿನ ಜೊತೆ ಗೆರೆ ಹಾಕಿದ ಪುಟ್ಟ ಮುಚ್ಚಳ ಬರುತ್ತದೆ. ಎರಡೂವರೆ ಎಂಎಲ್ ಎಂದು ಹೇಳಿದ್ದರೆ ಅಜ್ಜಿ ಕನ್ನಡಕ ಹಾಕಿಕೊಂಡು, ಮುಚ್ಚಳವನ್ನು ಬೆಳಕಿಗೆ ಹಿಡಿದು, ಸರಿಯಾಗಿ ಆ ಗೆರೆಗೇ ನಿಲ್ಲಿಸುತ್ತಾರೆ. ಕಣ್ಣಿನ ಔಷಧಿಗೆ ಹನಿಗಳ ಲೆಕ್ಕ, ಇನ್ಸುಲಿನ್ನಿಗೆ ಯೂನಿಟ್ಟುಗಳ ಲೆಕ್ಕ. ಮುಲಾಮಿನ ವಿಷಯಕ್ಕೆ ಬಂದಾಗ ಮಾತ್ರ ಈ ಎಚ್ಚರವೆಲ್ಲ ಎಲ್ಲೋ ಹೊರಟುಹೋಗುತ್ತದೆ. ಚೀಟಿಯಲ್ಲಿ ಮುಲಾಮಿನ ಹೆಸರಿರುತ್ತದೆ, ಪಕ್ಕದಲ್ಲಿ ‘ಎಲ್/ಎ’ ಎಂದಿರುತ್ತದೆ. ಲೋಕಲ್ ಅಪ್ಲಿಕೇಷನ್, ಅಂದರೆ ತೊಂದರೆಯಿರುವ ಜಾಗಕ್ಕೆ ಹಚ್ಚುವುದು ಎಂದು ಅದರ ಅರ್ಥ. “ಎಷ್ಟು ಹಚ್ಚಲಿ ಡಾಕ್ಟ್ರೇ?” ಎಂದು ಕೇಳಿದರೆ “ತೆಳ್ಳಗೆ ಹಚ್ಚಿ ಸಾಕಮ್ಮ” ಎಂಬ ಉತ್ತರ ಬರುತ್ತದೆ.

ಅಲ್ಲಿಂದ ಮುಂದೆ ಮನೆಗೊಂದು ಪದ್ಧತಿ. ಒಂದು ಮನೆಯಲ್ಲಿ ತಾಯಿ ಸಾಸಿವೆ ಕಾಳಿನಷ್ಟು ಮುಲಾಮನ್ನು ಬೆರಳಿಗಂಟಿಸಿಕೊಂಡು ಮಗುವಿನ ಎರಡೂ ಮೊಣಕೈ ಮಡಿಕೆಗೆ ಸವರುತ್ತಾಳೆ. 15 ಗ್ರಾಮಿನ ಟ್ಯೂಬು ಒಂದು ಚಳಿಗಾಲದಿಂದ ಇನ್ನೊಂದು ಚಳಿಗಾಲದವರೆಗೆ ಬರುತ್ತದೆ, ಇಸುಬೂ ಜೊತೆಗೇ ಇರುತ್ತದೆ. ಇನ್ನೊಂದು ಮನೆಯಲ್ಲಿ ತೊಡೆಸಂದಿಯ ಹುಳುಕಡ್ಡಿಗೆ ಬೆಳ್ಳಗೆ ಕಾಣುವಷ್ಟು ಮೆತ್ತುತ್ತಾರೆ. ಟ್ಯೂಬು ಮೂರು ದಿನಕ್ಕೆ ಖಾಲಿ, ಬಟ್ಟೆಯೆಲ್ಲ ಜಿಡ್ಡು. ಇಬ್ಬರಿಗೂ ಸಿಕ್ಕಿದ ಸೂಚನೆ ಒಂದೇ. ಇಬ್ಬರೂ ಅದನ್ನು ಪಾಲಿಸಿದ್ದೇವೆಂದೇ ನಂಬಿದ್ದಾರೆ.

ಮಾತ್ರೆಯನ್ನು ತಯಾರಿಸುವವರೇ ಅಳೆದು ಕೊಟ್ಟಿರುತ್ತಾರೆ. ಮುಲಾಮನ್ನು ಅಳೆಯುವ ಕೆಲಸ ಹಚ್ಚುವವರ ಕೈಗೆ ಬಿದ್ದಿದೆ. ಆ ಕೈಗೆ ಒಂದು ಅಳತೆ ಸಿಕ್ಕಿದ್ದು ತೀರಾ ಈಚೆಗೆ.

ಕಾರ್ಡಿಫಿನಲ್ಲಿ ಸಿಕ್ಕ ಅಳತೆ

ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ರಾಜಧಾನಿ ಕಾರ್ಡಿಫ್. ಅಲ್ಲಿನ ಚರ್ಮವೈದ್ಯರಾದ ಸಿ. ಸಿ. ಲಾಂಗ್ ಮತ್ತು ಎ. ವೈ. ಫಿನ್ಲೇ 1991ರಲ್ಲಿ ಒಂದು ಪುಟ್ಟ ಪ್ರಬಂಧ ಪ್ರಕಟಿಸಿದರು. ಅವರು ಹುಡುಕುತ್ತಿದ್ದುದು ತಕ್ಕಡಿಯಿಲ್ಲದ ಮನೆಯಲ್ಲಿ, ಓದುಬರಹ ಬಾರದವರೂ ಬಳಸಬಹುದಾದ ಅಳತೆಯನ್ನು. ಅವರು ಆರಿಸಿಕೊಂಡದ್ದು ತೋರುಬೆರಳಿನ ಕೊನೆಯ ಗೆಣ್ಣನ್ನು. ವಯಸ್ಕರ ತೋರುಬೆರಳನ್ನು ಅಂಗೈ ಕಡೆಯಿಂದ ನೋಡಿದರೆ ತುದಿಗೆ ಹತ್ತಿರದ ಮೊದಲ ಮಡಿಕೆಗೆರೆ ಕಾಣುತ್ತದಲ್ಲ, ಆ ಗೆರೆಯಿಂದ ಬೆರಳ ತುದಿಯವರೆಗೆ ಟ್ಯೂಬಿನಿಂದ ಮುಲಾಮನ್ನು ಒಂದು ಎಳೆಯಾಗಿ ಹಿಂಡಬೇಕು. ಟ್ಯೂಬಿನ ಬಾಯಿ 5 ಮಿಲಿಮೀಟರ್ ಅಗಲದ್ದಾಗಿರಬೇಕು. ಈ ಒಂದು ಎಳೆಗೆ ಅವರು ಫಿಂಗರ್‌ಟಿಪ್ ಯೂನಿಟ್ ಎಂದು ಹೆಸರಿಟ್ಟರು. ನಾವು ಬೆರಳಳತೆ ಎನ್ನೋಣ.

ತೂಗಿ ನೋಡಿದಾಗ ಗಂಡಸರ ಬೆರಳಳತೆ ಸರಾಸರಿ 0.49 ಗ್ರಾಂ, ಹೆಂಗಸರದು 0.43 ಗ್ರಾಂ ಬಂತು. ಸುಲಭಕ್ಕೆ ಅರ್ಧ ಗ್ರಾಂ ಎಂದಿಟ್ಟುಕೊಳ್ಳಬಹುದು. ಅದನ್ನು ಹಚ್ಚಿದಾಗ ಗಂಡಸರಲ್ಲಿ 312 ಚದರ ಸೆಂಟಿಮೀಟರ್, ಹೆಂಗಸರಲ್ಲಿ 257 ಚದರ ಸೆಂಟಿಮೀಟರ್ ಜಾಗಕ್ಕೆ ಬಂತು. ಅಂದರೆ ಬೆರಳುಗಳನ್ನು ಜೋಡಿಸಿ ಚಾಚಿದ ಎರಡು ಹಸ್ತಗಳಷ್ಟು ಹರವು. ಹೆಂಗಸರ ಬೆರಳು ಚಿಕ್ಕದು, ಹಸ್ತವೂ ಚಿಕ್ಕದು. ಹಾಗಾಗಿ ಅವರವರ ಮೈಗೆ ಅವರವರ ಬೆರಳೇ ಹೊಂದಿಕೊಳ್ಳುತ್ತದೆ. ಈ ಅಳತೆಯ ಸೊಗಸು ಇಲ್ಲಿದೆ. 1992ರಲ್ಲಿ ಅದೇ ತಂಡ ಇದನ್ನು ಇನ್ನೂ ಸರಳ ಮಾಡಿತು: ನಾಲ್ಕು ಹಸ್ತದಷ್ಟು ಜಾಗಕ್ಕೆ ಎರಡು ಬೆರಳಳತೆ, ಅದು ಒಂದು ಗ್ರಾಂ.

ಲೆಕ್ಕ ಸರಿಯೇ ಎಂದು ನೀವೇ ಪರೀಕ್ಷಿಸಬಹುದು. ಬೆರಳಿನ ಕೊನೆಯ ಗೆಣ್ಣು ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ. ಅಷ್ಟುದ್ದದ, 5 ಮಿಲಿಮೀಟರ್ ದಪ್ಪದ ಎಳೆಯ ಗಾತ್ರ ಅರ್ಧ ಘನ ಸೆಂಟಿಮೀಟರಿಗೆ ತೀರಾ ಹತ್ತಿರ. ಮುಲಾಮಿನ ಸಾಂದ್ರತೆ ನೀರಿನ ಆಸುಪಾಸಿನಲ್ಲಿರುವುದರಿಂದ ತೂಕ ಅರ್ಧ ಗ್ರಾಮಿನ ಹತ್ತಿರ ಬರುತ್ತದೆ.

ಇಲ್ಲೊಂದು ಮಾತು ಮರೆಯಬಾರದು. ಎಳೆಯ ದಪ್ಪ ಟ್ಯೂಬಿನ ಬಾಯಿಯನ್ನು ಅವಲಂಬಿಸಿದೆ, ನಮ್ಮ ಮೆಡಿಕಲ್ ಶಾಪುಗಳಲ್ಲಿ ಸಿಗುವ ಟ್ಯೂಬುಗಳ ಬಾಯಿ ಒಂದೇ ತೆರನಾಗಿಲ್ಲ. ಮುಚ್ಚಳ ತೆಗೆದು, ಮಕ್ಕಳ ಕಂಪಾಸು ಪೆಟ್ಟಿಗೆಯ ಸ್ಕೇಲನ್ನು ಬಾಯಿಯ ಮೇಲಿಟ್ಟು ನೋಡಿ. ಐದರ ಬದಲು 3 ಮಿಲಿಮೀಟರ್ ಇದ್ದರೆ, ಅದೇ ಉದ್ದದ ಎಳೆಯಲ್ಲಿ ಬರುವುದು ಮೂರನೇ ಒಂದು ಭಾಗದಷ್ಟು ಮುಲಾಮು ಮಾತ್ರ. ಅಗಲ ಅರ್ಧಕ್ಕಿಂತ ಹೆಚ್ಚೇ ಉಳಿದಿದ್ದರೂ ಮುಲಾಮು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ, ಏಕೆಂದರೆ ದುಂಡಗಿನ ಎಳೆಯ ಗಾತ್ರ ಅಗಲದ ವರ್ಗದ ಪ್ರಕಾರ ಏರಿಳಿಯುತ್ತದೆ. ಅಂಥ ಟ್ಯೂಬಿನಲ್ಲಿ ಒಂದು ಬೆರಳಳತೆಗೆ ಮೂರು ಎಳೆ ಹಿಂಡಬೇಕು. ಸಣ್ಣ ಬಾಯಿಯ ಟ್ಯೂಬು ಕೊಟ್ಟು “ಬೆರಳುದ್ದ ಹಚ್ಚಿ” ಎಂದು ಹೇಳಿ ಕಳಿಸಿದರೆ ರೋಗಿಗೆ ಸಿಗಬೇಕಾದ ಮದ್ದಿನ ಬಹುಪಾಲು ಸಿಗದೇಹೋಗುತ್ತದೆ.

ಮೈಯ ನಕ್ಷೆ

ಬೆರಳಳತೆ ಸಿಕ್ಕ ಮೇಲೆ ದೇಹದ ಯಾವ ಭಾಗಕ್ಕೆ ಎಷ್ಟು ಬೇಕು ಎಂದು ಗುರುತು ಹಾಕುವುದು ಕಷ್ಟವಲ್ಲ. ವಯಸ್ಕರಲ್ಲಿ ಮುಖ ಮತ್ತು ಕುತ್ತಿಗೆಗೆ ಎರಡೂವರೆ ಬೆರಳಳತೆ. ಒಂದು ತೋಳಿಗೆ ಮೂರು, ಒಂದು ಕೈಯ ಹಸ್ತದ ಎರಡೂ ಬದಿಗೆ ಸೇರಿ ಒಂದು. ಎದೆ-ಹೊಟ್ಟೆಗೆ ಏಳು, ಬೆನ್ನು-ಪೃಷ್ಠಕ್ಕೆ ಏಳು. ಒಂದು ಕಾಲಿಗೆ ಆರು, ಒಂದು ಪಾದಕ್ಕೆ ಎರಡು. ಎಲ್ಲ ಕೂಡಿದರೆ ನಲವತ್ತೂವರೆ. ಅಂದರೆ ತಲೆಗೂದಲ ಭಾಗ ಬಿಟ್ಟು ಇಡೀ ಮೈಗೆ ಒಂದು ಸಲ ಮುಲಾಮು ಹಚ್ಚಲು 20 ಗ್ರಾಂ ಬೇಕು.

ಈ ಅಂಕಿಯನ್ನು ಕೈಯಲ್ಲಿಟ್ಟುಕೊಂಡು ಚೀಟಿಗಳನ್ನು ನೋಡಿದರೆ ಅನೇಕ ಚೀಟಿಗಳು ಅರ್ಥವನ್ನೇ ಕಳೆದುಕೊಳ್ಳುತ್ತವೆ. ಎರಡೂ ಕಾಲಿನ ತುಂಬ ಸೋರಿಯಾಸಿಸ್ ಇರುವವರಿಗೆ ದಿನಕ್ಕೆರಡು ಬಾರಿ ಹಚ್ಚಲು 15 ಗ್ರಾಮಿನ ಒಂದು ಟ್ಯೂಬು ಬರೆದಿರುತ್ತಾರೆ; ಹದಿನೈದು ದಿನ ಬಿಟ್ಟು ಬನ್ನಿ ಎಂದಿರುತ್ತಾರೆ. ಎರಡು ಕಾಲಿಗೆ ಒಂದು ಸಲಕ್ಕೆ 12 ಬೆರಳಳತೆ, ಅಂದರೆ 6 ಗ್ರಾಂ. ಆ ಟ್ಯೂಬು ಎರಡನೆಯ ದಿನ ಮುಗಿಯಬೇಕು. ಹದಿನೈದು ದಿನಕ್ಕೆ ಅದನ್ನು ಎಳೆದೆಳೆದು ಹಚ್ಚಿದ ರೋಗಿ ಗುಣ ಕಾಣದೆ ಮರಳಿದರೆ “ಈ ಮದ್ದು ಹಿಡಿಯಲಿಲ್ಲ” ಎಂದು ಇನ್ನೂ ಜೋರಾದ ಮುಲಾಮು ಬರೆಯಲಾಗುತ್ತದೆ. ಮದ್ದು ಹಿಡಿಯದಿರಲು ಅದು ಚರ್ಮಕ್ಕೆ ತಲುಪೇ ಇರಲಿಲ್ಲ.

ಮಕ್ಕಳ ನಕ್ಷೆ ಬೇರೆ. ಅದನ್ನು 1998ರಲ್ಲಿ ಲಾಂಗ್, ಮಿಲ್ಸ್ ಮತ್ತು ಫಿನ್ಲೇ ಸಿದ್ಧಪಡಿಸಿದರು. ಇಲ್ಲೂ ಅಳೆಯುವುದು ದೊಡ್ಡವರ ಬೆರಳಿನಿಂದಲೇ, ಮಗುವಿನ ಬೆರಳಿನಿಂದಲ್ಲ. ಮೂರರಿಂದ ಆರು ತಿಂಗಳ ಕೂಸಿನ ಮುಖ-ಕುತ್ತಿಗೆಗೆ ಒಂದು ಬೆರಳಳತೆ, ಒಂದು ಕೈ ಪೂರ್ತಿ ಒಂದು, ಒಂದು ಕಾಲಿಗೆ ಒಂದೂವರೆ. ಮೂರರಿಂದ ಐದು ವರ್ಷದ ಮಗುವಿನ ಕೈಗೆ ಎರಡು, ಕಾಲಿಗೆ ಮೂರು. ಆರರಿಂದ ಹತ್ತು ವರ್ಷದವರ ಕೈಗೆ ಎರಡೂವರೆ, ಕಾಲಿಗೆ ನಾಲ್ಕೂವರೆ.

ಇಸುಬು ಕೈಕಾಲಿನ ತುಂಬ ಇರುವುದು ಅಪರೂಪ. ಸಾಮಾನ್ಯವಾಗಿ ಮೊಣಕೈ ಮಡಿಕೆ, ಮಂಡಿಯ ಹಿಂಬದಿ. ಅಲ್ಲಿ ಹಸ್ತದ ಲೆಕ್ಕ ಹಿಡಿಯಬೇಕು. ಒಂದೊಂದು ಮಡಿಕೆಯಲ್ಲೂ ತಾಯಿಯ ಅರ್ಧ ಹಸ್ತದಷ್ಟು ಜಾಗ ಕೆಂಪಾಗಿದೆ ಎನ್ನಿ. ನಾಲ್ಕು ಮಡಿಕೆ ಸೇರಿ ಎರಡು ಹಸ್ತ, ಅಂದರೆ ಒಂದು ಬೆರಳಳತೆ. ದಿನಕ್ಕೊಂದು ಸಲ ಹಚ್ಚಿದರೆ ಹತ್ತು ದಿನಕ್ಕೆ 5 ಗ್ರಾಂ. 15 ಗ್ರಾಮಿನ ಟ್ಯೂಬು ಹತ್ತು ದಿನವಾದರೂ ಹೊಸದರಂತೆ ಉಬ್ಬಿಕೊಂಡಿದ್ದರೆ ಮಗುವಿಗೆ ಮದ್ದು ಸಿಕ್ಕಿಲ್ಲ. ಎರಡು ದಿನಕ್ಕೇ ಚಪ್ಪಟೆಯಾಗಿದ್ದರೆ ಮಿತಿ ಮೀರಿದೆ.

ದಪ್ಪ ಹಚ್ಚಿದರೆ ಬೇಗ ವಾಸಿಯಾಗದೇಕೆ?

ಮುಲಾಮನ್ನು ಹೆಚ್ಚು ಮೆತ್ತಿದರೆ ಹೆಚ್ಚು ಒಳಗಿಳಿಯುತ್ತದೆ ಎಂದು ನಮಗೆ ತೋರುವುದು ಸಹಜ. ಎರಡು ಮಾತ್ರೆ ನುಂಗಿದರೆ ಒಂದರ ಎರಡರಷ್ಟು ಮದ್ದು ಹೊಟ್ಟೆಗೆ ಹೋಗುತ್ತದೆಯಲ್ಲ. ಆದರೆ ಚರ್ಮ ಹೊಟ್ಟೆಯಂತೆ ನಡೆದುಕೊಳ್ಳುವುದಿಲ್ಲ. ಹೊರಗಿನದನ್ನು ಒಳಗೆ ಬಿಡದಿರುವುದೇ ಅದರ ಮುಖ್ಯ ಕೆಲಸ.

ಆ ಕೆಲಸ ಮಾಡುವುದು ಚರ್ಮದ ಅತ್ಯಂತ ಮೇಲಿನ, ಸತ್ತ ಜೀವಕೋಶಗಳ ಪದರ. ಚಪ್ಪಟೆಯಾದ, ಗಟ್ಟಿ ಪ್ರೋಟೀನು ತುಂಬಿದ ಕೋಶಗಳು ಒಂದರ ಮೇಲೊಂದು ಒತ್ತೊತ್ತಾಗಿ ಕೂತಿರುತ್ತವೆ, ಅವುಗಳ ನಡುವಿನ ಸಂದಿಗಳಲ್ಲಿ ಕೊಬ್ಬಿನಂಶ ತುಂಬಿಕೊಂಡಿರುತ್ತದೆ. ವೈದ್ಯರು ಸ್ಟ್ರೇಟಮ್ ಕಾರ್ನಿಯಮ್ ಎಂದು ಕರೆಯುವ ಇದನ್ನು ಕಾವಲುಪದರ ಎಂದು ಕರೆಯೋಣ. ಅಂಗೈ, ಅಂಗಾಲು ಬಿಟ್ಟರೆ ಮೈಯ ಹೆಚ್ಚಿನ ಕಡೆ ಇದರ ದಪ್ಪ ಮಿಲಿಮೀಟರಿನ ನೂರನೇ ಒಂದರಿಂದ ಎರಡು ಭಾಗ ಮಾತ್ರ. ಬಿಸಿಲು, ಸೋಪು, ಧೂಳು, ರೋಗಾಣು, ಇವೆಲ್ಲವನ್ನೂ ತಡೆದು ಒಳಗಿನ ನೀರನ್ನು ಒಳಗೇ ಉಳಿಸುವುದು ಇಷ್ಟು ತೆಳುವಾದ ಪದರ. ಮುಲಾಮಿನಲ್ಲಿರುವ ಮದ್ದಿನ ಅಣು ಒಳಗಿಳಿಯಬೇಕಾದರೆ ಈ ಕೋಶಗಳ ನಡುವಿನ ಕೊಬ್ಬಿನ ಸಂದಿಗಳಲ್ಲಿ ಸುತ್ತಿ ಬಳಸಿ ಹೋಗಬೇಕು.

ಎಷ್ಟು ವೇಗವಾಗಿ ಹೋಗುತ್ತದೆ ಎಂಬುದಕ್ಕೆ 1855ರಲ್ಲೇ ಜರ್ಮನ್ ಶರೀರವಿಜ್ಞಾನಿ ಅಡಾಲ್ಫ್ ಫಿಕ್ ನಿಯಮವೊಂದನ್ನು ಕೊಟ್ಟಿದ್ದ. ಸೂತ್ರ ಬದಿಗಿಟ್ಟು ಸಾರ ಮಾತ್ರ ತೆಗೆದುಕೊಂಡರೆ, ಪದರವೊಂದನ್ನು ದಾಟುವ ವೇಗ ಆ ಪದರಕ್ಕೆ ತಾಗಿಕೊಂಡಿರುವ ಕಡೆ ಮದ್ದು ಎಷ್ಟು ಸಾಂದ್ರವಾಗಿದೆ ಎಂಬುದನ್ನು ಅವಲಂಬಿಸಿದೆ. ಅದರ ಹಿಂದೆ ಎಷ್ಟು ರಾಶಿ ಬಿದ್ದಿದೆ ಎಂಬುದು ವೇಗಕ್ಕೆ ಲೆಕ್ಕವಿಲ್ಲ. ಜಾತ್ರೆ ಮುಗಿದ ಸಂಜೆ ಬಸ್ಸಿನ ಬಾಗಿಲ ಬಳಿ ನಿಂತು ನೋಡಿ. ಬಾಗಿಲಿಗೆ ಒತ್ತಿಕೊಂಡು ನಿಂತವರು ಒಬ್ಬೊಬ್ಬರಾಗಿ ಹತ್ತುತ್ತಾರೆ. ಹಿಂದೆ ಐವತ್ತು ಜನ ಇದ್ದರೂ ಐನೂರು ಜನ ಇದ್ದರೂ ನಿಮಿಷಕ್ಕೆ ಹತ್ತುವವರ ಸಂಖ್ಯೆ ಹೆಚ್ಚಾಗುವುದಿಲ್ಲ. ಬಾಗಿಲು ಒಂದೇ, ಬಾಗಿಲಲ್ಲಿ ಹಿಡಿಸುವವರೂ ಅಷ್ಟೇ. ಹೆಚ್ಚು ಬಸ್ಸು ತಂದರೆ ಹೆಚ್ಚು ಜನ ಹೋಗುತ್ತಾರೆ. ಚರ್ಮದಲ್ಲಿ ‘ಹೆಚ್ಚು ಬಸ್ಸು’ ಎಂದರೆ ಹೆಚ್ಚು ಹರವು. ಚರ್ಮಕ್ಕೆ ತಾಗದೆ ಮೇಲೆ ನಿಂತ ಮುಲಾಮು ಸರದಿಯಲ್ಲೇ ಉಳಿದು ಕೊನೆಗೆ ಅಂಗಿಗೋ ಹೊದಿಕೆಗೋ ಅಂಟಿಕೊಳ್ಳುತ್ತದೆ.

ಬೆರಳಳತೆಯ ಪ್ರಕಾರ ಹಚ್ಚಿದಾಗ ಮೈಮೇಲೆ ಕೂರುವ ಮುಲಾಮಿನ ದಪ್ಪ ಎಷ್ಟೆಂದು ಲೆಕ್ಕ ಹಾಕಿದರೆ ಬೆರಗಾಗುತ್ತದೆ. ಅರ್ಧ ಗ್ರಾಂ ಮುಲಾಮು ಮುನ್ನೂರು ಚದರ ಸೆಂಟಿಮೀಟರಿಗೆ ಹರಡಿದರೆ ಮಿಲಿಮೀಟರಿನ ನೂರನೇ ಒಂದೂವರೆ ಭಾಗಕ್ಕಿಂತ ತುಸು ಹೆಚ್ಚು. ಅಂದರೆ ಹೆಚ್ಚೂಕಡಿಮೆ ಕಾವಲುಪದರದಷ್ಟೇ ದಪ್ಪ, ತಲೆಗೂದಲಿಗಿಂತ ಎಷ್ಟೋ ತೆಳು. ಹಾಗಾಗಿ ‘ತೆಳ್ಳಗೆ ಹಚ್ಚಿ’ ಎನ್ನುವ ವೈದ್ಯರ ಮಾತು ತಪ್ಪಲ್ಲ. ಅಳತೆಯಿಲ್ಲದೆ ಹೇಳಿದ್ದರಿಂದ ಅದು ಅರ್ಧ ಮಾತಾಗಿ ಉಳಿಯಿತು. ಸರಿಯಾಗಿ ಹಚ್ಚಿದ ಚರ್ಮ ಹೊಳೆಯುತ್ತದೆ, ಬೆಳ್ಳಗೆ ಕಾಣುವುದಿಲ್ಲ. ತೀರಾ ಕಡಿಮೆ ಹಚ್ಚಿದಾಗ ಪದರ ಇನ್ನೂ ತೆಳುವಾಗುವುದಷ್ಟೇ ಅಲ್ಲ, ನಡುನಡುವೆ ಹರಿದುಹೋಗುತ್ತದೆ. ಮೊದಲು ತಾಗಿದ ಜಾಗಕ್ಕೆ ಒಂದಿಷ್ಟು ಸಿಕ್ಕಿ, ಅಂಚಿಗೆ ಏನೂ ಸಿಗುವುದಿಲ್ಲ. ಅಲ್ಲಿ ರೋಗ ಮೊದಲಿನಂತೆಯೇ ಇರುತ್ತದೆ.

ಸನ್‌ಸ್ಕ್ರೀನಿಗೆ ಈ ನ್ಯಾಯ ಹೊಂದುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಅದು ಒಳಗಿಳಿಯಬೇಕಾದ ಮದ್ದಲ್ಲ. ಮೇಲೆ ನಿಂತು ಬಿಸಿಲನ್ನು ತಡೆಯಬೇಕಾದ್ದು. ಅಲ್ಲಿ ಪದರದ ದಪ್ಪವೇ ರಕ್ಷಣೆ. ಅದರ ಡಬ್ಬಿಯ ಮೇಲಿನ ಎಸ್‌ಪಿಎಫ್ ಅಂಕಿ ಬಂದಿರುವುದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ಮಾಡಿದ ಪರೀಕ್ಷೆಯಿಂದ, ಬಹುಪಾಲು ಜನ ಹಚ್ಚುವುದು ಅದರ ಅರ್ಧವೋ ಕಾಲು ಭಾಗವೋ.

ಉಗ್ರಾಣ

1963ರಲ್ಲಿ ವಿಕರ್ಸ್ ಎಂಬ ಬ್ರಿಟಿಷ್ ಚರ್ಮವೈದ್ಯರು ಇನ್ನೊಂದು ಸಂಗತಿ ಕಂಡುಕೊಂಡರು. ಸ್ಟೀರಾಯ್ಡ್ ಹಚ್ಚಿದ ಕಡೆ ಚರ್ಮದ ಸಣ್ಣ ರಕ್ತನಾಳಗಳು ಕುಗ್ಗಿ ಆ ಜಾಗ ಬಿಳಿಚುತ್ತದೆ. ಮದ್ದಿನ ಶಕ್ತಿಯನ್ನು ಹೋಲಿಸಲು ಈ ಬಿಳಿಚುವಿಕೆಯನ್ನೇ ಬಳಸಬಹುದೆಂದು ಮೆಕೆಂಝೀ ಮತ್ತು ಸ್ಟೌಟನ್ 1962ರಲ್ಲಿ ತೋರಿಸಿದ್ದರು. ವಿಕರ್ಸ್ ಮುಲಾಮು ಹಚ್ಚಿ, ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ, ಬಿಳಿಚುವುದನ್ನು ನೋಡಿದರು. ಅದು ಮಾಯವಾಯಿತು. ಕೆಲವು ದಿನಗಳ ಮೇಲೆ, ಹೊಸದಾಗಿ ಮುಲಾಮನ್ನೇ ಹಚ್ಚದೆ ಬರೀ ಪ್ಲಾಸ್ಟಿಕ್ಕಿನಿಂದ ಆ ಜಾಗವನ್ನು ಮತ್ತೆ ಮುಚ್ಚಿದಾಗ ಚರ್ಮ ಪುನಃ ಬಿಳಿಚಿತು. ಮೊದಲ ಸಲದ ಮದ್ದು ಕಾವಲುಪದರದಲ್ಲೇ ಉಳಿದುಕೊಂಡಿತ್ತು. ಬೆವರು-ತೇವ ಕೂಡಿ ಪದರ ನೆನೆದಾಗ ಮತ್ತೆ ಇಳಿಯತೊಡಗಿತು.

ಕಾವಲುಪದರ ಮದ್ದನ್ನು ದಾಸ್ತಾನು ಮಾಡಿಕೊಳ್ಳುತ್ತದೆ ಎಂದ ಮೇಲೆ ದಿನಕ್ಕೆ ನಾಲ್ಕು ಸಲ ಹಚ್ಚುವ ಅಗತ್ಯವೇನು? ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ನೈಸ್ 2004ರಲ್ಲಿ ಇಸುಬಿಗೆ ಸ್ಟೀರಾಯ್ಡ್ ಮುಲಾಮನ್ನು ದಿನಕ್ಕೆ ಒಂದು ಅಥವಾ ಎರಡು ಸಲ ಮಾತ್ರ ಹಚ್ಚಬೇಕೆಂದು ಹೇಳಿತು. ತುರಿಕೆ ಎದ್ದಾಗಲೆಲ್ಲ ಟ್ಯೂಬು ತೆಗೆಯುವ ಅಭ್ಯಾಸದಿಂದ ಲಾಭವಿಲ್ಲ. ತುರಿಕೆಗೆ, ಒಣಚರ್ಮಕ್ಕೆ ಪದೇ ಪದೇ ಬೇಕಾದದ್ದು ಮದ್ದಿಲ್ಲದ ಮಾಯಿಶ್ಚರೈಸರ್. ಅದನ್ನು ಕೈತುಂಬ ಬಳಸಬೇಕು. ಇಸುಬಿನ ಮಕ್ಕಳಿಗೆ ವಾರಕ್ಕೆ 250 ಗ್ರಾಮಿನಿಂದ 500 ಗ್ರಾಂವರೆಗೂ ಬೇಕಾಗುತ್ತದೆ. ನಾವು ಇದನ್ನು ತಿರುವುಮುರುವು ಮಾಡಿದ್ದೇವೆ: ಮಾಯಿಶ್ಚರೈಸರನ್ನು ಜಿಪುಣತನದಿಂದ, ಸ್ಟೀರಾಯ್ಡನ್ನು ಧಾರಾಳವಾಗಿ.

ಜಾಗ ಬದಲಾದರೆ ಪ್ರಮಾಣವೇ ಬೇರೆ

ಮೈಯೆಲ್ಲ ಒಂದೇ ಚರ್ಮವಲ್ಲ. 1967ರಲ್ಲಿ ಅಮೆರಿಕದ ಫೆಲ್ಡ್‌ಮನ್ ಮತ್ತು ಮೈಬಾಕ್ ವಿಕಿರಣ ಗುರುತು ಹಾಕಿದ ಹೈಡ್ರೋಕಾರ್ಟಿಸೋನನ್ನು ಮೈಯ ಬೇರೆ ಬೇರೆ ಕಡೆ ಹಚ್ಚಿ, ಮೂತ್ರದಲ್ಲಿ ಎಷ್ಟು ಹೊರಬರುತ್ತದೆ ಎಂದು ಅಳೆದರು. ಮುಂಗೈಗೆ ಹಚ್ಚಿದ್ದರಲ್ಲಿ ದೇಹಕ್ಕೆ ಸೇರಿದ್ದು ನೂರಕ್ಕೆ ಒಂದು ಪಾಲು ಮಾತ್ರ. ಅದನ್ನು 1 ಎಂದಿಟ್ಟುಕೊಂಡರೆ ಅಂಗಾಲಿನಲ್ಲಿ 0.14, ನೆತ್ತಿಯಲ್ಲಿ 3.5, ಹಣೆಯಲ್ಲಿ 6, ದವಡೆಯ ಬಳಿ 13, ವೃಷಣದ ಚರ್ಮದಲ್ಲಿ 42. ಒಂದೇ ಟ್ಯೂಬಿನ ಒಂದೇ ಬೆರಳಳತೆ ಅಂಗಾಲಿಗೆ ಬಿದ್ದರೆ ಹೆಚ್ಚುಕಡಿಮೆ ಹೊರಗೇ ಉಳಿಯುತ್ತದೆ. ವೃಷಣಕ್ಕೆ ಹಚ್ಚಿದರೆ ಅದರ ಮುನ್ನೂರು ಪಟ್ಟು ಒಳಗಿಳಿಯುತ್ತದೆ.

ಮನೆಯಲ್ಲಿ ಒಬ್ಬರ ಪಾದದ ಬಿರುಕಿಗೆ ಬರೆದ ಮುಲಾಮನ್ನು ಇನ್ನೊಬ್ಬರು ಮುಖಕ್ಕೆ ಹಚ್ಚಿಕೊಳ್ಳುವುದು ಎಂಥ ಅಪಾಯ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಡ. ತೊಡೆಸಂದಿ, ಕಂಕುಳಂಥ ಮಡಿಕೆಗಳಲ್ಲಿ ಚರ್ಮಕ್ಕೆ ಚರ್ಮ ಒತ್ತಿಕೊಂಡು ಬೆವರು ನಿಲ್ಲುವುದರಿಂದ ವಿಕರ್ಸ್‌ರ ಪ್ಲಾಸ್ಟಿಕ್ ಹಾಳೆಯ ಕೆಲಸ ತಾನಾಗಿ ನಡೆಯುತ್ತದೆ. ಕೂಸಿನ ಡೈಪರ್ ಸಹ ಹಾಗೆಯೇ. ಕೂಸುಗಳಲ್ಲಿ ಇನ್ನೊಂದು ತೊಡಕಿದೆ: ತೂಕಕ್ಕೆ ಹೋಲಿಸಿದರೆ ಅವುಗಳ ಚರ್ಮದ ಹರವು ದೊಡ್ಡವರದರ ಎರಡು ಪಟ್ಟಿಗೂ ಹೆಚ್ಚು. ಅಷ್ಟೇ ಮದ್ದು ಒಳಗಿಳಿದರೂ ಹಂಚಿಹೋಗಲು ಇರುವ ದೇಹ ಚಿಕ್ಕದು.

ಇದರ ಜೊತೆ ಮದ್ದಿನ ಶಕ್ತಿ ಸೇರಬೇಕು, ಅದನ್ನು ಶೇಕಡಾ ಅಂಕಿಯಿಂದ ಅಳೆಯಲಾಗದು. ಹೈಡ್ರೋಕಾರ್ಟಿಸೋನ್ ಟ್ಯೂಬಿನ ಮೇಲೆ 1% ಎಂದಿರುತ್ತದೆ, ಕ್ಲೋಬೆಟಾಸಾಲ್ ಟ್ಯೂಬಿನ ಮೇಲೆ 0.05% ಎಂದು. ಅಂಕಿ ನೋಡಿದವರು ಎರಡನೆಯದೇ ಸೌಮ್ಯ ಎಂದುಕೊಳ್ಳುತ್ತಾರೆ. ವಾಸ್ತವದಲ್ಲಿ ಹೈಡ್ರೋಕಾರ್ಟಿಸೋನ್ ಸ್ಟೀರಾಯ್ಡುಗಳಲ್ಲಿ ಅತ್ಯಂತ ಸೌಮ್ಯ ಗುಂಪಿನದು, ಕ್ಲೋಬೆಟಾಸಾಲ್ ಅತ್ಯಂತ ಪ್ರಬಲ ಗುಂಪಿನದು. ವಯಸ್ಕರಲ್ಲೂ ಕ್ಲೋಬೆಟಾಸಾಲನ್ನು ವಾರಕ್ಕೆ 50 ಗ್ರಾಂ ಮೀರಬಾರದು, ಒಂದೇಸಮನೆ ಎರಡು ವಾರ ದಾಟಬಾರದು ಎಂಬ ಮಿತಿಯಿದೆ. ಅಂದರೆ ಪ್ರಮಾಣ ಎಂಬುದು ಬರೀ ಗ್ರಾಮಿನಲ್ಲಿಲ್ಲ. ಯಾವ ಮದ್ದು, ಯಾವ ಜಾಗ, ಎಷ್ಟು ಹರವು, ಎಷ್ಟು ದಿನ, ಇವು ಕೂಡಿದಾಗ ಪ್ರಮಾಣವಾಗುತ್ತದೆ.

ಹೆದರಿದವರು, ಹೆದರದವರು

ಸ್ಟೀರಾಯ್ಡ್ ಎಂಬ ಹೆಸರು ಕೇಳಿದೊಡನೆ ಬೆಚ್ಚುವ ತಾಯಂದಿರು ಎಲ್ಲ ಊರಲ್ಲೂ ಇದ್ದಾರೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಇಸುಬಿನ 200 ರೋಗಿಗಳನ್ನೋ ಅವರ ಹೆತ್ತವರನ್ನೋ ಕೇಳಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 72.5 ಮಂದಿ ಈ ಮುಲಾಮುಗಳ ಬಗ್ಗೆ ಆತಂಕ ಹೇಳಿಕೊಂಡರು, ಶೇ. 24 ಮಂದಿ ಆ ಭಯದಿಂದಲೇ ಹೇಳಿದ ಹಾಗೆ ಬಳಸಿಲ್ಲ ಎಂದು ಒಪ್ಪಿಕೊಂಡರು. ಭಯಕ್ಕೆ ಆಧಾರವಿಲ್ಲವೆಂದಲ್ಲ. ಆದರೆ ಕಡಿಮೆ ಹಚ್ಚುವುದು ಸುರಕ್ಷಿತ ಎಂಬ ಲೆಕ್ಕ ತಲೆಕೆಳಗಾದದ್ದು. ಸರಿಯಾದ ಪ್ರಮಾಣದಲ್ಲಿ ಒಂದೆರಡು ವಾರ ಹಚ್ಚಿ ನಿಲ್ಲಿಸಿದರೆ ಮುಗಿಯುವ ಕೆರಳು, ಸಾಸಿವೆ ಕಾಳಿನ ಲೆಕ್ಕದಲ್ಲಿ ತಿಂಗಳುಗಟ್ಟಲೆ ಎಳೆಯುತ್ತದೆ. ಮಗು ರಾತ್ರಿಯೆಲ್ಲ ಕೆರೆದುಕೊಳ್ಳುತ್ತದೆ, ನಿದ್ದೆಗೆಡುತ್ತದೆ, ಕೆರೆದ ಗಾಯದಲ್ಲಿ ಕೀವಾಗುತ್ತದೆ. ಕೊನೆಗೆ ಸ್ಟೀರಾಯ್ಡ್ ಚರ್ಮದ ಮೇಲಿದ್ದ ಒಟ್ಟು ದಿನಗಳೇ ಹೆಚ್ಚಾಗಿರುತ್ತವೆ.

ನಮ್ಮ ದೇಶದ ದೊಡ್ಡ ಸಂಕಟ ಮಾತ್ರ ಹೆದರದವರದು. ಹುಳುಕಡ್ಡಿಗೆಂದು ಅಂಗಡಿಯಲ್ಲಿ ಕೇಳಿ ತರುವ ಅನೇಕ ಟ್ಯೂಬುಗಳಲ್ಲಿ ಶಿಲೀಂಧ್ರದ ಮದ್ದಿನೊಡನೆ ಪ್ರಬಲ ಸ್ಟೀರಾಯ್ಡೂ ಬೆರೆತಿರುತ್ತದೆ. ಹಚ್ಚಿದ ಎರಡು ದಿನಕ್ಕೆ ಕೆಂಪು ಇಳಿಯುತ್ತದೆ, ತುರಿಕೆ ನಿಲ್ಲುತ್ತದೆ, ವಾಸಿಯಾಯಿತೆಂದು ಬಿಡುತ್ತಾರೆ. ಸ್ಟೀರಾಯ್ಡ್ ತಣಿಸಿದ್ದು ನಮ್ಮ ದೇಹದ ಪ್ರತಿರೋಧವನ್ನು. ಶಿಲೀಂಧ್ರ ಸದ್ದಿಲ್ಲದೆ ಹರಡುತ್ತಿರುತ್ತದೆ. ಉಂಗುರದ ಆಕಾರವೇ ಅಳಿಸಿಹೋಗಿ ವೈದ್ಯರೂ ಗುರುತಿಸಲಾಗದ ಹಾಗಾಗುತ್ತದೆ. ಇದಕ್ಕೆ 1968ರಲ್ಲೇ ಐವ್ ಮತ್ತು ಮಾರ್ಕ್ಸ್ ಟೀನಿಯಾ ಇನ್‌ಕಾಗ್ನಿಟೊ, ಅಂದರೆ ವೇಷ ಮರೆಸಿಕೊಂಡ ಹುಳುಕಡ್ಡಿ ಎಂದು ಹೆಸರಿಟ್ಟಿದ್ದರು. ಬರೀ ಶಿಲೀಂಧ್ರದ ಮುಲಾಮನ್ನು ಹಚ್ಚುವಾಗ ಅಳತೆ ಹೀಗಿರಬೇಕು: ಉಂಗುರದ ಅಂಚಿನಿಂದ ಎರಡು ಸೆಂಟಿಮೀಟರ್ ಆಚೆಗೂ ಹಚ್ಚಬೇಕು, ಏಕೆಂದರೆ ಶಿಲೀಂಧ್ರ ಹೊರಮುಖವಾಗಿ ಬೆಳೆಯುತ್ತದೆ. ಚರ್ಮ ತಿಳಿಯಾದ ಮೇಲೂ ಎರಡು ವಾರ ಬಿಡಬಾರದು.

ಮುಖದ ಕಥೆ ಇನ್ನೂ ನೋವಿನದು. ಬಂಗಿಗೆ, ಮೊಡವೆಗೆ, ಬಣ್ಣ ತಿಳಿಯಾಗಲೆಂದು ಸ್ಟೀರಾಯ್ಡ್ ಬೆರೆತ ಕ್ರೀಮನ್ನು ತಿಂಗಳುಗಟ್ಟಲೆ ಹಚ್ಚಿಕೊಂಡ ಹುಡುಗಿಯರ ಮುಖದ ಚರ್ಮ ತೆಳುವಾಗಿ, ಕೆಂಪು ನರಗಳೆದ್ದು, ರೋಮ ಬೆಳೆದು, ಬಿಟ್ಟರೆ ಉರಿ ಹತ್ತುವ ಸ್ಥಿತಿಗೆ ಬರುತ್ತದೆ. ದೇಶದ 12 ಕೇಂದ್ರಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮುಖದ ತೊಂದರೆಗೆಂದು ಬಂದ 2926 ರೋಗಿಗಳಲ್ಲಿ 433 ಮಂದಿ ಸ್ಟೀರಾಯ್ಡ್ ಹಚ್ಚಿಕೊಳ್ಳುತ್ತಿದ್ದರು. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು ಷೆಡ್ಯೂಲ್ ಎಚ್‌ಗೆ ಸೇರಿಸಿತು. ನಿಯಮ ಬಂದಿದೆ. ಕೌಂಟರಿನ ಮುಂದೆ ನಿಂತು ಹೆಸರು ಹೇಳಿದರೆ ಟ್ಯೂಬು ಕೈಗೆ ಬರುವುದು ಮಾತ್ರ ನಿಂತಿಲ್ಲ.

ಕಜ್ಜಿಯ ಲೆಕ್ಕ

ಕಡಿಮೆ ಹಚ್ಚುವುದರ ಸೋಲು ನಿಚ್ಚಳವಾಗಿ ಕಾಣುವುದು ಕಜ್ಜಿಯಲ್ಲಿ. ಕಜ್ಜಿ ತರುವ ನುಸಿ ಕಾವಲುಪದರದೊಳಗೇ ಸುರಂಗ ಕೊರೆದುಕೊಂಡು ಮೊಟ್ಟೆಯಿಡುತ್ತದೆ. ಪರ್ಮೆಥ್ರಿನ್ 5% ಕ್ರೀಮನ್ನು ಕುತ್ತಿಗೆಯಿಂದ ಅಂಗಾಲಿನವರೆಗೆ, ಬೆರಳ ಸಂದು, ಉಗುರಡಿ, ಹೊಕ್ಕಳು, ಪೃಷ್ಠದ ಸೀಳು ಒಂದನ್ನೂ ಬಿಡದೆ ರಾತ್ರಿ ಹಚ್ಚಿ, 8ರಿಂದ 14 ಗಂಟೆ ಬಿಟ್ಟು ತೊಳೆಯಬೇಕು. ವಾರದ ಮೇಲೆ ಇನ್ನೊಮ್ಮೆ ಹಚ್ಚಬೇಕು. ಸಾಮಾನ್ಯ ಮೈಕಟ್ಟಿನ ವಯಸ್ಕರೊಬ್ಬರಿಗೆ ಒಂದು ಸಲಕ್ಕೆ 30 ಗ್ರಾಂ ಬೇಕು. ಮೈಯ ನಕ್ಷೆಯ 20 ಗ್ರಾಮಿನ ಪಕ್ಕದಲ್ಲಿಟ್ಟು ನೋಡಿದರೆ, ಸಂದುಗೊಂದುಗಳಿಗೂ ಬರಲಿ ಎಂದು ಧಾರಾಳವಾಗಿಯೇ ಇಟ್ಟ ಅಂಕಿ ಇದು.

ಮನೆಯಲ್ಲಿ ಒಬ್ಬರಿಗೆ ಕಜ್ಜಿಯಿದ್ದರೂ ಎಲ್ಲರೂ ಅದೇ ರಾತ್ರಿ ಹಚ್ಚಿಕೊಳ್ಳಬೇಕು. ನಾಲ್ಕು ಜನ ವಯಸ್ಕರಿಗೆ ಎರಡು ಸಲಕ್ಕೆ 30 ಗ್ರಾಮಿನ ಎಂಟು ಟ್ಯೂಬು. ನಮ್ಮಲ್ಲಿ ಬರೆದುಕೊಡುವುದು ಎಷ್ಟೋ ಸಲ ಒಂದೋ ಎರಡೋ, ತುರಿಕೆ ಇರುವವರು ತುರಿಕೆ ಇರುವ ಜಾಗಕ್ಕೆ ಮಾತ್ರ ಹಚ್ಚುತ್ತಾರೆ. ಹಾಸ್ಟೆಲುಗಳಲ್ಲಿ ಕಜ್ಜಿ ವರ್ಷವಿಡೀ ಸುತ್ತುತ್ತಲೇ ಇರುವುದಕ್ಕೆ ಮದ್ದಿನ ದೋಷಕ್ಕಿಂತ ಈ ಕೊರತೆಯೇ ಹೆಚ್ಚಿನ ಕಾರಣ ಎಂದು ನನ್ನ ಅಭಿಪ್ರಾಯ. ಬಡ ಮನೆಗೆ ಎಂಟು ಟ್ಯೂಬಿನ ಖರ್ಚು ಹೊರೆಯೇ. ಹಾಗೆಂದು ಎರಡು ಟ್ಯೂಬಿನಲ್ಲಿ ಕಜ್ಜಿ ಹೋಗದು. ಆ ಎರಡರ ದುಡ್ಡೂ ವ್ಯರ್ಥವಾಗುತ್ತದೆ. ಸರ್ಕಾರಿ ಆಸ್ಪತ್ರೆಗಳು, ವಿದ್ಯಾರ್ಥಿ ನಿಲಯಗಳು ತಲೆಗೆ ಇಷ್ಟು ಗ್ರಾಂ ಎಂದು ಲೆಕ್ಕ ಹಾಕಿ ತರಿಸಿಕೊಳ್ಳಬೇಕಾದ ಮದ್ದು ಇದು.

ಚೀಟಿಯಲ್ಲಿ ಏನಿರಬೇಕು?

ವೈದ್ಯರು ಬರೆಯಬೇಕಾದದ್ದು ಒಂದು ಸಾಲಿಗಿಂತ ಹೆಚ್ಚಲ್ಲ. ಮುಲಾಮಿನ ಹೆಸರು ಮತ್ತು ಶಕ್ತಿ, ಮೊಣಕೈ ಮಡಿಕೆ ಎರಡಕ್ಕೂ ಸೇರಿ ಅರ್ಧ ಬೆರಳಳತೆ, ರಾತ್ರಿ ಒಂದು ಸಲ, ಹತ್ತು ದಿನ, ಮುಖಕ್ಕೆ ಬೇಡ. ಒಟ್ಟು ಎಷ್ಟು ಗ್ರಾಂ ಎಂದೂ ಬರೆದರೆ ಅಂಗಡಿಯವರು ದೊಡ್ಡ ಟ್ಯೂಬು ಕೊಡಬೇಕೋ ಚಿಕ್ಕದೋ ಎಂಬುದೂ ತೀರ್ಮಾನವಾಗುತ್ತದೆ. ಒಮ್ಮೆ ತನ್ನ ಬೆರಳ ಮೇಲೇ ಹಿಂಡಿ ತೋರಿಸಿದರಂತೂ ಓದು ಬಾರದ ಅಜ್ಜಿಯೂ ಮರೆಯುವುದಿಲ್ಲ. ತುಂಬಿದ ಹೊರರೋಗಿ ವಿಭಾಗದಲ್ಲಿ ಅದಕ್ಕೆ ಪುರಸೊತ್ತು ಕಡಿಮೆ ಎಂಬುದು ನಿಜ. ಆದರೂ ಗುಣವಾಗದೆ ನಾಲ್ಕು ಸಲ ಮರಳಿ ಬರುವ ರೋಗಿಗೆ ಹೋಗುವ ಸಮಯ ಇದಕ್ಕಿಂತ ಎಷ್ಟೋ ಹೆಚ್ಚು.

ಮುಂದಿನ ಸಲ ಮುಲಾಮಿನ ಚೀಟಿ ಕೈಗೆ ಬಂದಾಗ ಕುರ್ಚಿಯಿಂದ ಏಳುವ ಮೊದಲು ನಾಲ್ಕು ಪ್ರಶ್ನೆ ಕೇಳಿ: ಒಂದು ಸಲಕ್ಕೆ ಎಷ್ಟು ಬೆರಳು, ದಿನಕ್ಕೆ ಎಷ್ಟು ಸಲ, ಎಷ್ಟು ದಿನ, ಇದರಲ್ಲಿ ಸ್ಟೀರಾಯ್ಡ್ ಇದೆಯೇ? ಬಂದ ಉತ್ತರವನ್ನು ಟ್ಯೂಬಿನ ಡಬ್ಬಿಯ ಮೇಲೆ ಪೆನ್ನಿನಲ್ಲಿ ಬರೆದಿಡಿ, ತೆರೆದ ತಾರೀಖನ್ನೂ ಸೇರಿಸಿ. ಹೇಳಿದ ದಿನಗಳು ಮುಗಿದ ಮೇಲೆ ಉಳಿದ ಟ್ಯೂಬನ್ನು ಕನ್ನಡಿಯ ಹಿಂದೆ ಇಡಬೇಡಿ, ಪಕ್ಕದ ಮನೆಯವರಿಗೆ ಕೊಡಬೇಡಿ.